ಉರ್ಬಿನೊ ಬಸ್ಸಿನ ಮುಂದಿನ ಸೀಟು

ಆರ್ಜಿಯಾ ನಮ್ಮ ಫೊಸ್ಸಾನೇರದಲ್ಲಿ ಮೂವತ್ತಾರು ವರ್ಷ ಸೈಕಲ್ ಮೇಲೆ ಅಂಚೆ ಹಂಚಿದವಳು. ಯಾರು ಯಾರಿಗೆ ಪತ್ರ ಬರೆಯುವುದನ್ನು ನಿಲ್ಲಿಸಿದರು, ಯಾರ ಮನೆ ಮುಂದೆ ಯಾರ ಹೆಸರೆತ್ತಿದರೆ ನಾಯಿ ಬಿಡುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ನಿವೃತ್ತಿಯಾದ ಮೇಲೆ ಅಷ್ಟೂ ವಿದ್ಯೆಯನ್ನು ಒಂದೇ ಕೆಲಸಕ್ಕೆ ಧಾರೆಯೆರೆದಳು: ಊರಿನ ಹಿರಿಯರ ಸಂಘದ ವಾರ್ಷಿಕ ಪ್ರವಾಸ.

ಪ್ರವಾಸವೆಂದರೆ ಮೇ ತಿಂಗಳ ಒಂದು ಭಾನುವಾರ, ಒಂದು ಬಸ್ಸು, ಒಂದು ಹಳೆಯ ಪಟ್ಟಣ, ಮೂರು ಗಂಟೆ ಹಿಡಿಯುವ ಊಟ. ಪಟ್ಟಣ ಆರಿಸುವುದು ಸುಲಭ. ಯಾರ ಪಕ್ಕ ಯಾರನ್ನು ಕೂರಿಸುವುದು ಎಂಬುದೇ ಕಷ್ಟ. ನಮ್ಮದು ಅಂಗೈಯಂತೆ ಸಪಾಟಾದ ಊರು. ಚಳಿಗಾಲದ ಮಂಜು ಬಿಟ್ಟರೆ ಒಬ್ಬರ ಕಣ್ಣಿಂದ ಒಬ್ಬರನ್ನು ಮರೆಮಾಡುವಂಥದ್ದು ಏನೂ ಇಲ್ಲ. ಹಾಗಾಗಿ ಹಗೆ ಇಲ್ಲಿ ಜೋಳಕ್ಕಿಂತ ಚೆನ್ನಾಗಿ ಬೆಳೆಯುತ್ತದೆ. ಎರ್ಮೆಸ್‌ನ ಬಾರಿನ ಗೋಡೆಗೆ ಆರ್ಜಿಯಾ ಪ್ರತಿ ಮಾರ್ಚ್‌ನಲ್ಲಿ ಐವತ್ತು ಚೌಕದ ಒಂದು ಹಾಳೆ ಅಂಟಿಸಿ ಪೆನ್ಸಿಲ್‌ನಲ್ಲಿ ಹೆಸರು ತುಂಬುತ್ತಿದ್ದಳು. ಬೇಲಿ ಕಡಿದವನಿಗೂ ಬೇಲಿ ಕಳೆದುಕೊಂಡವನಿಗೂ ನಡುವೆ ಆರು ಸಾಲು. ಬೀಗರ ನಡುವೆ ಎಂಟು. ಇಪ್ಪತ್ತೆರಡು ವರ್ಷ ಒಂದು ಬಾರಿಯೂ ಬಸ್ಸಿನಲ್ಲಿ ಹೊಡೆದಾಟವಾಗಲಿಲ್ಲ. ಬೇರೆ ಯಾರಿಂದಲೂ ಆಗದ ಕೆಲಸ, ಅದು ಅವಳಿಗೂ ಗೊತ್ತಿತ್ತು. ಅವಳಿಗೆ ವರ್ಷದಲ್ಲಿ ಇದ್ದದ್ದೂ ಆ ಹಾಳೆಯೊಂದೇ.

ಚಾಲಕನ ಹಿಂದಿನ ಜೋಡಿ ಸೀಟಿನಲ್ಲಿ ಒಂದು ಆರ್ಜಿಯಾಳದು, ಇನ್ನೊಂದು ಅವಳ ಕೈಚೀಲದ್ದು. ಕೊನೆಯ ಸಾಲಿನ ಮೂಲೆ ಅವಳ ತಂಗಿ ಜೆಲ್ಮಿರಾಳದು. ಅಮ್ಮ ತೀರಿಕೊಂಡಾಗ ಅಮ್ಮನ ಉದ್ದ ಲಟ್ಟಣಿಗೆ ಯಾರಿಗೆ ಎಂದು ಶುರುವಾದ ಜಗಳಕ್ಕೆ ಹತ್ತೊಂಬತ್ತು ವರ್ಷ. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಹಿಂದೆ ಕೂತ ಜೆಲ್ಮಿರಾ ಬೆಟ್ಟದ ದಾರಿ ಬಂದ ವರ್ಷವೆಲ್ಲ ಮೊದಲ ತಿರುವಿಗೇ ವಾಂತಿ ಮಾಡಿಕೊಳ್ಳುತ್ತಿದ್ದಳು. ಅದನ್ನೂ ಆರ್ಜಿಯಾ ಪ್ರವಾಸದ ಒಂದು ನೋಟವೆಂದೇ ಲೆಕ್ಕ ಹಿಡಿದಿದ್ದಳೇನೋ.

ನಾನು ಶಾಲೆಯಲ್ಲಿ ಇತಿಹಾಸ ಹೇಳುವವನು. ಸಂಘಕ್ಕೆ ಸೇರುವ ವಯಸ್ಸು ನನಗಿನ್ನೂ ಆಗಿಲ್ಲ; ಆದರೂ ಕರೆದೊಯ್ಯುತ್ತಾರೆ. ನನ್ನ ದನಿಗೆ ಎಲ್ಲರಿಗೂ ಒಳ್ಳೆಯ ನಿದ್ದೆ ಬರುತ್ತದಂತೆ.

ಈ ವರ್ಷ ಉರ್ಬಿನೊ ಎಂದು ಗೊತ್ತಾಗಿತ್ತು. ಬೆಟ್ಟದ ಮೇಲಿನ ಊರು, ಬರೀ ತಿರುವು. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಜನ ಬಾರಿನಲ್ಲಿ ಸೇರಿದ್ದಾಗ ಜೆಲ್ಮಿರಾ ಒಂದು ಲಕೋಟೆ ಹಿಡಿದು ಬಂದಳು. ಅಕ್ಕ ಎರಡು ಮಾರು ದೂರದಲ್ಲೇ ಇದ್ದರೂ ನನ್ನ ಕೈಗೆ ಕೊಟ್ಟಳು.

"ಮೇಷ್ಟ್ರೇ, ಇದನ್ನ ಅವಳಿಗೆ ಕೊಡಿ."

"ಏನಂತೆ ಅದು, ಕೇಳಿ ಮೇಷ್ಟ್ರೇ," ಎಂದಳು ಆರ್ಜಿಯಾ.

"ಡಾಕ್ಟರ್ ಚೀಟಿ. ನನ್ನನ್ನ ಮುಂದಿನ ಸೀಟಲ್ಲೇ ಕೂರಿಸ್ಬೇಕಂತೆ. ಕಣ್ಣಿದ್ರೆ ಓದ್ಕೊಳ್ಳಲಿ."

ಆರ್ಜಿಯಾ ಲಕೋಟೆ ತಿರುಗಿಸಿ ನೋಡಿದಳು. "ವಿಳಾಸ ಇಲ್ಲ. ವಿಳಾಸ ಇಲ್ಲದ ಕಾಗದ ನಾನು ಮುಟ್ಟಲ್ಲ ಅಂತ ಹೇಳಿ."

ಹೇಳಿದೆ. ಎರಡೂ ಕಡೆಯಿಂದ ಬೈಸಿಕೊಂಡೆ.

ಮರು ಭಾನುವಾರ ಹಾಳೆಯ ಮೇಲೆ 'ಉರ್ಬಿನೊ' ಇರಲಿಲ್ಲ. ಅಳಿಸಿ 'ಮಾಂಟೋವಾ' ಎಂದು ಬರೆದಿತ್ತು.

"ಮಾಂಟೋವಾಗೆ ನಾಲ್ಕು ಸಲ ಹೋಗಿದ್ದೀವಲ್ಲೇ!" ಎರ್ಮೆಸ್ ಕಾಫಿ ಯಂತ್ರದ ಹಿಂದಿನಿಂದ ಕೂಗಿದ. "ಅಲ್ಲಿನ ಪಾರಿವಾಳಕ್ಕೂ ನಮ್ಮ ಗುರುತು ಸಿಗುತ್ತೆ."

"ಐದನೇ ಸಲ ಹೋದ್ರೆ ಸಾಯ್ತೀಯಾ? ರಸ್ತೆ ದಾರ ಎಳೆದ ಹಾಗಿದೆ. ಒಂದು ತಿರುವಿಲ್ಲ. ಯಾರಿಗೂ ವಾಂತಿ ಬರಲ್ಲ. ಯಾವ ಡಾಕ್ಟರ್ ಚೀಟಿಯೂ ಬೇಕಾಗಲ್ಲ."

ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು.

"ತಂಗಿಗೆ ಸೀಟು ಕೊಡಬಾರ್ದು ಅಂತ ನಮಗೆಲ್ಲ ಉರ್ಬಿನೊ ಅರಮನೆ ನೋಡೋದು ತಪ್ಪಿಸ್ತೀಯಾ?" ಎರ್ಮೆಸ್ ಕೈಯೊರೆಸುತ್ತ ಹೊರಗೇ ಬಂದ. "ಕೈಯೆತ್ರಪ್ಪ, ಉರ್ಬಿನೊ ಯಾರಿಗೆ ಬೇಕು?"

ಮೂವತ್ತೊಂದು ಕೈ ಮೇಲೆದ್ದವು. ನನ್ನದೂ ಒಂದು, ಕಿವಿ ಕೆರೆದುಕೊಳ್ಳುವಷ್ಟೇ ಎತ್ತಿದ್ದೆ, ಆರ್ಜಿಯಾ ಅದನ್ನೂ ನೋಡಿದಳು.

"ಚೀಟಿ ಅಂದ್ರೆ ಚೀಟಿ," ಎಂದ ಎರ್ಮೆಸ್. "ಜೆಲ್ಮಿರಾ ಮುಂದೆ ಕೂರ್ತಾಳೆ. ನೀನು ಚೀಲ ತೆಗೆದು ಪಕ್ಕ ಕೂತ್ಕೋ. ಆಗಲ್ಲ ಅಂದ್ರೆ ಪೆನ್ಸಿಲ್ ಇತ್ತ ಕೊಡು, ಇನ್ಮೇಲೆ ಹಾಳೆ ನಾನೇ ಬರೀತೀನಿ."

ಅವನು ಕೈ ಚಾಚಿದ. ಆರ್ಜಿಯಾಳ ಮುಖ ಸುಣ್ಣವಾಯಿತು. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಹಾಳೆಯ ಹತ್ತಿರ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮುಂದಿನ ಚೌಕದಿಂದ ತನ್ನ ಹೆಸರು ಅಳಿಸಿದಳು, ಕಾಗದ ಹರಿಯುವಷ್ಟು ಉಜ್ಜಿ. ಅಲ್ಲಿ 'ಜೆಲ್ಮಿರಾ' ಎಂದು ಬರೆದಳು. ನಂತರ ಬಗ್ಗಿ, ಕೊನೆಯ ಸಾಲಿನ ಮೂಲೆಯಲ್ಲಿ ತನ್ನ ಹೆಸರು.

"ಸೀಟು ಹೋಗಲಿ. ಪೆನ್ಸಿಲ್ ಮಾತ್ರ ಕೊಡಲ್ಲ."

ಎರ್ಮೆಸ್ ಕೈ ಹಿಂದೆಗೆದ. ಆಗ ಜೆಲ್ಮಿರಾ ನನ್ನತ್ತ ನೋಡದೆ, ನೇರ ಅಕ್ಕನ ಬೆನ್ನಿಗೇ ಹೇಳಿದಳು:

"ಹೋಗು, ಕೂತ್ಕೋ. ಕಾಲಡಿಗೇ ಚಕ್ರ. ಎಂಜಿನ್ ಕಾವು ಬೆನ್ನಿಗೆ. ಕಿಟಕಿ ತೆರೆಯಲ್ಲ. ಹತ್ತೊಂಬತ್ತು ವರ್ಷ ನಾನು ಬೆಂದಿದ್ದೀನಿ, ಈಗ ನೀನು ಬೇಯಿ."

ಆರ್ಜಿಯಾ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ ಬಾಯಿ ತೆರೆದಳು. ಮತ್ತೆ ಏನನ್ನಿಸಿತೋ, ನನ್ನನ್ನು ಪಕ್ಕಕ್ಕೆ ತಳ್ಳಿದಳು.

"ಕಿಟಕಿ ತೆರೆಯಲ್ಲ ಅಂತ ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ?"

"ಯಾರಿಗೆ ಹೇಳಲಿ? ಲಟ್ಟಣಿಗೆ ಕಳ್ಳಿಗಾ?"

"ಅಮ್ಮ ಕೈಯಾರೆ ಕೊಟ್ಟಿದ್ದದು!"

"ಅಮ್ಮಂಗೆ ಆಗ ಕೈ ಯಾವ್ದು ಕಾಲ್ ಯಾವ್ದು ಗೊತ್ತಿರ್ಲಿಲ್ಲ!"

ಹತ್ತೊಂಬತ್ತು ವರ್ಷದ ಬಾಕಿ ಮಾತು ಒಂದೇ ಉಸಿರಿಗೆ ಹೊರಬೀಳತೊಡಗಿತು. ಯಾರೂ ಬಿಡಿಸಲು ಹೋಗಲಿಲ್ಲ. ಅದರ ನಡುವೆಯೇ, ಬೈಗುಳ ತುಂಡಾಗದಂತೆ, ಆರ್ಜಿಯಾ ಮುಂದಿನ ಸಾಲಿನ ಎರಡನೇ ಚೌಕದಲ್ಲಿ ಏನನ್ನೋ ಗೀಚಿದಳು. ಬಗ್ಗಿ ನೋಡಿದೆ. ನನ್ನ ಹೆಸರು.

"ನಾನ್ಯಾಕೆ, ಆರ್ಜಿಯಾಕ್ಕ?"

"ಅವಳ ಪಕ್ಕ ಇನ್ಯಾರು ಕೂರ್ತಾರೆ? ಕೈಯೆತ್ತಿದ್ರಲ್ಲ, ಕೂತ್ಕೊಳ್ಳಿ. ನಿಮ್ಮ ಆ ಉಣ್ಣೆ ಕೋಟು ಮಾತ್ರ ಬೇಡ ಮೇಷ್ಟ್ರೇ, ಒಗೆಯೋಕೆ ಬರುವಂಥದ್ದು ಏನಾದ್ರೂ ಹಾಕ್ಕೊಂಡು ಬನ್ನಿ."