ಜಡ್ಜ್ ಸಾಹೇಬರಿಗೆ ನಾನು ಕಲಿಸಿದ್ದು

ರಾಜಿ ಮಾಡಿಸೋದನ್ನ ಆ ಜಡ್ಜ್ ಸಾಹೇಬರಿಗೆ ಕಲಿಸಿದವನೇ ನಾನು. ಅವರೀಗ ಇಲ್ಲ, ಕೇಳೋಕಾಗಲ್ಲ. ರಿಟೈರಾದ ಮೇಲೆ ಲಾ ಕಾಲೇಜಿನಲ್ಲಿ ಪಾಠ ಹೇಳ್ತಾ, ಜನರ ಜಗಳ ಬಿಡಿಸ್ತಿದ್ರು. ಅವರ ಕಾರಿಗೆ ನಾನೇ ಡ್ರೈವರ್.

ಒಂದಿನ, ಬಾವಿ ನೀರಿಗಾಗಿ ಎಂಟು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನ ಕೂರಿಸಿಕೊಂಡು, ಆ ಬಾವಿ ನೋಡೋಕೆ ಹರಿಹರಕ್ಕೆ ಹೊರಟ್ವಿ. ದಾರೀಲಿ ಬಾತಿ ಅನ್ನೋ ಊರಿನ ಹತ್ರ ಬೇಕಂತಲೇ ಕಾರು ನಿಲ್ಲಿಸಿ, ಕೆಟ್ಟೋಯ್ತು ಅಂದೆ. ಇಬ್ರೂ ಇಳಿದು ತಳ್ಳಿದ್ರು.

"ಜೋರಾಗಿ ತಳ್ಳಲೇ!"

"ನೀನೂ ತಳ್ಳಣ್ಣ, ಬರೀ ಬೈಬ್ಯಾಡ!"

ಮಾತು ಶುರುವಾಯ್ತು. ಹರಿಹರ ಮುಟ್ಟೋದ್ರೊಳಗೆ ದಿನ ಬಿಟ್ಟು ದಿನ ನೀರು ಅಂತ ಒಪ್ಕೊಂಡ್ರು. ಸಾಹೇಬರು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದ್ರು.

ಮೊಮ್ಮಕ್ಕಳಿಗೆ ಇದನ್ನ ಹೇಳ್ತಿದ್ದಾಗ ನನ್ನ ಹೆಂಡತಿ, "ನಿಮಗೆಲ್ಲಿ ಕಾರು ಓಡ್ಸಾಕೆ ಬರ್ತೈತ್ರಿ? ಆ ಅಣ್ಣ ನೀವೇ ಅಲ್ವಾ?" ಅಂದ್ಳು.

"ಇರ್ಲಿ ಬಿಡೇ. ನಾನು ತಳ್ಳದಿದ್ರೆ ಸಾಹೇಬರು ಏನು ಕಲೀತಿದ್ರು?"