ಸಾಕ್ಷಿ ಕೇಳುತ್ತಿದ್ದ ಇಂಗ್ಲಿಷ್ ಅಕ್ಕೋರು

ಹಸಿರು ಗಾಜಿನ ಬಳೆಗಳ ನಡುವೆ ಅವರ ಎಡಗೈಯಲ್ಲಿ ಯಾವಾಗಲೂ ನಾಲ್ಕೈದು ರಬ್ಬರ್ ಬ್ಯಾಂಡು ಇರುತ್ತಿದ್ದವು. ಕೂದಲು ಕೆದರಿಕೊಂಡು ಬಂದ ಹುಡುಗಿ ಕಣ್ಣಿಗೆ ಬಿದ್ದರೆ ಪಾಠ ನಿಲ್ಲಿಸದೆಯೇ ಅವಳ ಹಿಂದೆ ಹೋಗಿ ನಿಂತು, ಜಡೆ ಹೆಣೆದು, ಒಂದು ಬ್ಯಾಂಡು ಬಿಚ್ಚಿ ಕಟ್ಟಿಬಿಡುತ್ತಿದ್ದರು. ಎಳೆತ ಬಲು ಜೋರು. ಆ ಪಿರಿಯಡ್ಡಿನಲ್ಲಿ ನನ್ನ ಕಣ್ಣಲ್ಲಿ ನೀರು ಬರಲು ಇಂಗ್ಲಿಷ್ ಎಷ್ಟು ಕಾರಣವೋ ಆ ಜಡೆಯೂ ಅಷ್ಟೇ ಕಾರಣ.

ಮಣ್ಣೂರಿನ ನಮ್ಮ ಹೈಸ್ಕೂಲಿಗೆ ಅವರು ಇಂಗ್ಲಿಷ್ ಅಕ್ಕೋರು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಒಂದು ದಿನ ಬೋರ್ಡಿನ ಮೇಲೆ ‘ಲೆಂಡ್ ಎ ಹ್ಯಾಂಡ್’ ಎಂದು ಬರೆದು, ಅಂದರೆ ಇನ್ನೊಬ್ಬರ ಕೆಲಸಕ್ಕೆ ಕೈ ಜೋಡಿಸುವುದು ಎಂದು ತಿಳಿಸಿ, ಸ್ವಂತ ವಾಕ್ಯದಲ್ಲಿ ಬಳಸಿ ಎಂದರು. ನಾವೆಲ್ಲ ಗೈಡು ನೋಡಿ ಒಂದೇ ವಾಕ್ಯ ಇಳಿಸಿದೆವು. ಅದರಲ್ಲಿ ಯಾರೋ ಒಬ್ಬ ಯಾವುದೋ ಬಡ ಮುದುಕನಿಗೆ ಕೈ ಜೋಡಿಸಿದ್ದ. ಆ ಮುದುಕನ ಮನೆ ಯಾವ ಓಣಿಯಲ್ಲಿದೆ ಎಂದು ಅಕ್ಕೋರು ಕೇಳಿದರು. ನಾವು ಮತ್ತೆ ಗೈಡಿನ ಪುಟ ತಿರುವಿದೆವು.

“ಮೊದಲ ಮಾಡ್ರಿ, ಆಮ್ಯಾಲ ಬರೀರಿ. ಮಾಡಿದ್ದಕ್ಕ ಸಾಕ್ಷಿ ಬೇಕು” ಎಂದರು.

ಸಹಾಯ ಪಡೆದವರೇ ಶಾಲೆಗೆ ಬಂದು ಹೌದು ಎನ್ನಬೇಕು, ಅದೇ ಸಾಕ್ಷಿ. ಅಂದಿನಿಂದ ಇಡೀ ಊರಿಗೆ ನಮ್ಮ ಕಾಟ. ಬೇಡವೆಂದರೂ ಕಂಡವರ ಮನೆಯಲ್ಲಿ ರೊಟ್ಟಿ ಬಡಿಯಲು ಕೂತು ಹಿಟ್ಟು ಹಾಳು ಮಾಡಿದೆವು. ಹೊಟ್ಟೆ ತುಂಬ ನೀರು ಕುಡಿದು ಬಂದ ಎಮ್ಮೆಯನ್ನು ಮತ್ತೆ ಭೀಮಾ ಹೊಳೆಗೆ ಹೊಡೆದುಕೊಂಡು ಹೋದೆವು. ಓಣಿಯ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕ್ಲಾಸಿನ ಕಿಟಕಿಗೆ ಬಂದು, “ಹೌದ್ರಿ ಅಕ್ಕೋರೆ, ಈಕಿ ನಮ್ಮನ್ಯಾಗ ರೊಟ್ಟಿ ಬಡದಾಳ. ತಿನ್ನಾಕ ಬರೂಹಂಗ ಇರಲಿಲ್ಲ, ಬಡದಿದ್ದು ಮಾತ್ರ ಖರೆ” ಎಂದು ಹೇಳಿಹೋದಳು. ಅಕ್ಕೋರು ಗಂಭೀರವಾಗಿ ಕೇಳಿಸಿಕೊಂಡು ವಾಕ್ಯಕ್ಕೆ ಟಿಕ್ ಹಾಕಿದರು.

ನನ್ನ ಕಷ್ಟ ಬೇರೆಯೇ ಇತ್ತು. ಹತ್ತನೇ ತರಗತಿ ಮುಗಿದರೆ ಸಾಕು, ಅಫಜಲಪುರದ ಕಾಲೇಜು ಗೀಲೇಜು ಬೇಡ ಎಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದ. ಹುಡುಗಿ ಓದಿ ಮಾಡುವುದೇನು ಎಂಬುದು ಅವನ ಪ್ರಶ್ನೆ. ಉತ್ತರ ಕೇಳುವ ತಾಳ್ಮೆ ಅವನಿಗಿರಲಿಲ್ಲ. ಅಕ್ಕೋರು ಎಷ್ಟು ಸಲ ಹೇಳಿಕಳಿಸಿದರೂ ಹೊಲದ ನೆವ ಹೇಳಿ ಶಾಲೆಯ ಕಡೆ ಸುಳಿಯುತ್ತಿರಲಿಲ್ಲ.

ಆ ಸಲ ತೊಗರಿ ರಾಶಿಯ ಹೊತ್ತಿಗೆ ಅಕಾಲದ ಮೋಡ ಕವಿಯಿತು. ಅವ್ವ ಜ್ವರ ಬಂದು ಮಲಗಿದ್ದಳು, ಆಳುಗಳು ಸಿಗಲಿಲ್ಲ. ಅಪ್ಪ ಪುಟ್ಟಿಯಲ್ಲಿ ತೊಗರಿ ತುಂಬಿ ತುಂಬಿ ಸುರಿದ, ನಾನು ಚೀಲದ ಬಾಯಿ ಹಿಡಿದು ನಿಂತೆ. ತೋಳು ಸೋತುಹೋದವು, ಮೂಗಿನ ತುಂಬ ಧೂಳು. ಮರುದಿನ ‘ನಾನು ಅಪ್ಪನಿಗೆ ಕೈ ಜೋಡಿಸಿದೆ’ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿದೆ. ಗೈಡಿನ ಹಂಗಿಲ್ಲದೆ ನಾನು ಬರೆದ ಮೊದಲ ವಾಕ್ಯ ಅದು. ಅಕ್ಕೋರು ಎರಡೆರಡು ಸಲ ಓದಿ, ಸಾಕ್ಷಿ ಕರೆದುಕೊಂಡು ಬಾ ಎಂದರು.

ಸಾಕ್ಷಿ ಎಂದೊಡನೆ ಅಪ್ಪ ಬೆದರಿದ. ಅವನಿಗೆ ಗೊತ್ತಿದ್ದ ಸಾಕ್ಷಿ ಕೋರ್ಟಿನದು, ಹೋಗದಿದ್ದರೆ ವಾರಂಟು ಬರುವಂಥದು. ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ.

“ಖರೇನ ಹೇಳ್ತೇನ್ರಿ ಅಕ್ಕೋರೆ. ಈಕಿ ಚೀಲ ಹಿಡೀಲಿಲ್ಲಂದ್ರ ನನ್ನ ರಾಶಿ ಮಳ್ಯಾಗ ತೊಯ್ದು ಹೋಗ್ತಿತ್ತು.”

ಅಕ್ಕೋರು ನನ್ನನ್ನು ಎದ್ದು ನಿಲ್ಲಿಸಿ ಆ ವಾಕ್ಯ ಗಟ್ಟಿಯಾಗಿ ಓದಿಸಿದರು. ಅಪ್ಪನಿಗೆ ಅರ್ಥವಾದದ್ದು ‘ಫಾದರ್’ ಒಂದೇ. ಅಷ್ಟಕ್ಕೇ ಅವನ ಮುಖ ಅರಳಿತು. ಅಕ್ಕೋರು ಹೊತ್ತು ಸಾಧಿಸಿದರು.

“ಅಣ್ಣೋರೆ, ಆಕಿ ನಿಮಗ ಕೈ ಜೋಡಿಸ್ಯಾಳ. ಈಗ ನಿಮ್ಮ ಪಾಳಿ. ಕಾಲೇಜಿಗೆ ಕಳಸ್ರಿ. ಸಾಕ್ಷಿಗೆ ನಾ ಅದೀನಿ.”

ಅಪ್ಪ ರುಮಾಲು ಸರಿಮಾಡಿಕೊಂಡ. ನಮ್ಮೆಲ್ಲರ ಮುಖ ನೋಡಿದ. ಅಷ್ಟು ಮಂದಿಯ ಮುಂದೆ ಇಲ್ಲ ಎನ್ನಲಾಗಲಿಲ್ಲವೋ, ನಿಜಕ್ಕೂ ಮನಸ್ಸು ಕರಗಿತೋ, ಇಂದಿಗೂ ಹೇಳಲಾರೆ. ಚಪ್ಪಲಿ ಮೆಟ್ಟಿಕೊಳ್ಳುತ್ತ, ಅಫಜಲಪುರದ ಬಸ್ಸು ಮುಂಜಾನೆ ಎಷ್ಟಕ್ಕೆ ಎಂದು ಕೇಳಿದ. ಇಡೀ ಕ್ಲಾಸು ಬೆಂಚು ಬಡಿಯಿತು. ಅಂಥ ಸಂತೋಷ ನನಗೆ ಮುಂದೆ ನೌಕರಿ ಸಿಕ್ಕಾಗಲೂ ಆಗಲಿಲ್ಲ.

ಈಗ ನಾನು ಯಡ್ರಾಮಿಯಲ್ಲಿ ಇಂಗ್ಲಿಷ್ ಅಕ್ಕೋರು. ನನ್ನ ಕೈಯಲ್ಲೂ ರಬ್ಬರ್ ಬ್ಯಾಂಡುಗಳಿವೆ, ನಾನೂ ಸಾಕ್ಷಿ ಕೇಳುತ್ತೇನೆ.

ಕಳೆದ ವರ್ಷ ಅವರು ನಿವೃತ್ತರಾದರು. ಶಾಲೆಯ ಮುಂದೆ ಶಾಮಿಯಾನಾ ಹಾಕಿದ್ದರು, ಅರ್ಧ ಊರೇ ಸೇರಿತ್ತು. ಮಾಲೆ, ಶಾಲು ಎಲ್ಲ ಮುಗಿದ ಮೇಲೆ ಹಳೆಯ ವಿದ್ಯಾರ್ಥಿಗಳು ಹಟ ಹಿಡಿದೆವು. ನಮ್ಮ ಕೈಯಲ್ಲಿ ಅಷ್ಟು ವಾಕ್ಯ ಬರೆಸಿದವರು ತಾವೂ ಒಂದು ಹೇಳಬೇಕು ಎಂದೆವು. ಅವರು ನಾಚಿಕೊಂಡೇ ಮೈಕು ಹಿಡಿದು, “ಐ ಲೆಂಟ್ ಮಣ್ಣೂರ್ ಎ ಹ್ಯಾಂಡ್” ಎಂದರು. ಆಮೇಲೆ ರೂಢಿಯಂತೆ ಸುತ್ತಲೂ ನೋಡಿ ಕೇಳಿದರು.

“ಸಾಕ್ಷಿ ಯಾರದೀರಿ?”

ಹಿಂದಿನ ಸಾಲಿನಲ್ಲಿ ಇಸ್ತ್ರಿ ಧೋತರದ ಅಪ್ಪ ಕೋಲು ಊರಿಕೊಂಡು ಎಲ್ಲರಿಗಿಂತ ಮೊದಲು ಎದ್ದು ನಿಂತ.

“ನಾ ಅದೀನ್ರಿ ಅಕ್ಕೋರೆ.”

ಆಮೇಲೆ ಇಡೀ ಶಾಮಿಯಾನಾ ಎದ್ದು ನಿಂತಿತು.