ನೀರು ಬಾರದ ಬುಧವಾರ

ಬುಧವಾರ ಚರ್ಚಿನಲ್ಲಿ ದೇವಮಾತೆಯ ನೊವೇನಾ ಪ್ರಾರ್ಥನೆಗೆ ನನ್ನ ಪಕ್ಕ ಮೊಣಕಾಲೂರುವ ನಿಮಗೆಲ್ಲ ಇದನ್ನು ಹೇಳಲೇಬೇಕು.

ಕಳೆದ ಜೂನ್‌ನಲ್ಲಿ ನನ್ನ ಮಗಳು ರೀನಾ ಡೆಂಗಿ ಜ್ವರದಿಂದ ಹುಬ್ಬಳ್ಳಿಯ ಆಸ್ಪತ್ರೆ ಸೇರಿದಳು. ಅದೇ ವಾರ ಧಾರವಾಡದಲ್ಲಿ ಅವಳ ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ರಸಾಯನಶಾಸ್ತ್ರ ಪ್ರಾಕ್ಟಿಕಲ್ ಪರೀಕ್ಷೆ. ಇಸ್ತ್ರಿ ಮಾಡಿದ ಬಿಳಿ ಕೋಟು ಮನೆಯ ಗೂಟದಲ್ಲಿ ತೂಗುತ್ತಿತ್ತು.

ಕಾನ್ವೆಂಟಿನಲ್ಲಿ ಓದಿದ ನನಗೆ ಗೊತ್ತಿದ್ದದ್ದು ಒಟ್ಟು ಅಂಕ, ದರ್ಜೆ, ಇಷ್ಟೇ. ಕ್ರೆಡಿಟ್ ಲೆಕ್ಕ ಕಲಿತದ್ದು ಮಗಳ ಹಾಸಿಗೆಯ ಪಕ್ಕದಲ್ಲಿ.

“ಥಿಯರಿ ಕ್ರೆಡಿಟ್ ಬ್ಯಾರೆ, ಪ್ರಾಕ್ಟಿಕಲ್ ಕ್ರೆಡಿಟ್ ಬ್ಯಾರೆ, ಮಮ್ಮಿ. ಅದರಾಗ ಎಷ್ಟ ಮಾರ್ಕ್ಸ್ ಬಂದ್ರೂ ಇದರಾಗ ಗೈರಾದ್ರ ಇದರ ಕ್ರೆಡಿಟ್ ಸಿಗಂಗಿಲ್ಲ. ಎಲ್ಲಾ ಕ್ರೆಡಿಟ್ ತುಂಬದ ಹೊರ್ತು ಡಿಗ್ರಿ ಕೊಡಂಗಿಲ್ಲ.”

“ಮುಂದಿನ ತಿಂಗಳ ಬರದ್ರ ಆಗಂಗಿಲ್ಲೇನ?”

“ಆರನೇ ಸೆಮಿಸ್ಟರಿನ ಪ್ರಾಕ್ಟಿಕಲ್ ಮತ್ತ ಬರೂದು ಮುಂದಿನ ವರ್ಷಾನ.”

ಎಂ.ಎಸ್ಸಿ. ಸೇರಬೇಕೆಂದು ಮೂರು ವರ್ಷ ಓದಿದ ಹುಡುಗಿ. ಒಂದು ಇಡೀ ವರ್ಷ ಮನೆಯಲ್ಲಿ ಕೂರಬೇಕಿತ್ತು.

ಸೋಮವಾರ ಯಜಮಾನರನ್ನು ಅವಳ ಬಳಿ ಕೂರಿಸಿ, ಧಾರವಾಡಕ್ಕೆ ಓಡುವ ಚಿಗರಿ ಬಸ್ ಹತ್ತಿ ಅವಳ ಕಾಲೇಜಿಗೆ ಹೋದೆ. ವಿಭಾಗದ ಮುಖ್ಯಸ್ಥೆ ಸುಮಾ ಮೇಡಂ ನನ್ನನ್ನು ಪ್ರಯೋಗಾಲಯದ ಬಾಗಿಲಲ್ಲೇ ನಿಲ್ಲಿಸಿಕೊಂಡು ಮಾತನಾಡಿದರು. ಒಳಗೆ ಬಕೆಟ್‌ಗಟ್ಟಲೆ ನೀರು ಸುರಿದು ನೆಲ ತೊಳೆಯುತ್ತಿದ್ದರು.

“ಮಕ್ಕಳನ್ನ ಬ್ಯಾಚ್ ಮಾಡಿ ಪರೀಕ್ಷಾ ತಗೋತೀವ್ರಿ. ರೀನಾನ್ನ ಕಡೀ ಬ್ಯಾಚಿಗೆ ಹಾಕ್ತೇನಿ, ಬುಧವಾರ. ಅದರಾಚೆ ನನ್ನ ಕೈಯಾಗ ಇಲ್ಲ. ಪರೀಕ್ಷಕರು ಹೊರಗಿನವರು. ಅವರು ಊರಿಗೆ ಹೋದ್ರಂದ್ರ ಮುಗೀತು.” ಆಮೇಲೆ ನನ್ನ ಒದ್ದೆ ಚಪ್ಪಲಿ ನೋಡಿ, “ಸಂಭಾಳಿಸ್ರಿ, ಜಾರೀತು. ನಾಳೆ ನೀರಿನ ಪಾಳಿ, ಅದಕ್ಕ ಇದ್ದ ನೀರೆಲ್ಲಾ ಖರ್ಚು ಮಾಡಾಕತ್ತೇವಿ” ಎಂದು ನಕ್ಕರು.

ನಮ್ಮ ಅವಳಿನಗರದಲ್ಲಿ ಇದು ಎಲ್ಲರ ಪದ್ಧತಿ. ನಳದ ನೀರಿನ ಪಾಳಿಗೆ ದಿನಗಟ್ಟಲೆ ಕಾದು, ಹೊಸ ನೀರು ಬರುವ ಮುನ್ನಾದಿನ ಹಳೆಯದನ್ನು ಚೆಲ್ಲಿ ಅಂಗಳ ತೊಳೆಯುತ್ತೇವೆ. ದೇಶಪಾಂಡೆ ನಗರದ ನಮ್ಮ ಮನೆಯಲ್ಲಿ ನಾನೂ ಅದನ್ನೇ ಮಾಡುತ್ತೇನೆ.

ಬುಧವಾರದೊಳಗೆ ಡಿಸ್ಚಾರ್ಜ್ ಆಗಲಿ. ಮಾತೆಯಲ್ಲಿ ನಾನು ಬೇಡಿದ್ದು ಇದೊಂದೇ. ಅದನ್ನೂ ನೆಟ್ಟಗೆ ಬೇಡಲಾಗಲಿಲ್ಲ. ಜಪಮಾಲೆ ಹಿಡಿದು ಆಸ್ಪತ್ರೆಯ ಕುರ್ಚಿಯಲ್ಲಿ ಕೂತರೆ ಅರ್ಧಕ್ಕೇ ತೂಕಡಿಕೆ. ಪಕ್ಕದ ಹಾಸಿಗೆಯಲ್ಲಿ ದುರ್ಗದಬೈಲಿನ ಬಳೆ ಅಂಗಡಿಯವರ ಮನೆಯ ಹಿರಿಯಾಕೆ, ಜುಬೇದಾ ಖಾಲಾ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಕೆಳಗೆ ಬಿದ್ದ ಜಪಮಾಲೆ ತೋರಿಸಿ, “ಏನ್ರಿ ಬಾಯಾರ, ನಿಮ್ಮವ್ವನ್ನ ಮಾತಿಗೆ ಕರದು ನೀವ ಗೊರಕಿ ಹೊಡೀತೀರಲ್ಲ!” ಎಂದರು.

ಮಂಗಳವಾರ ಪ್ಲೇಟ್‌ಲೆಟ್ ಇನ್ನಷ್ಟು ಇಳಿಯಿತು. “ಪರೀಕ್ಷಾ ಮತ್ತ ಬರ್ತದರಿ ಅಮ್ಮಾರ. ಇಂಥಾದ್ರಾಗ ಹುಡುಗಿನ್ನ ಹೊರಗ ಬಿಡಾಕ ಆಗಂಗಿಲ್ಲ” ಎಂದು ಡಾಕ್ಟರು ಹೊರಟರು. ರೀನಾ ಕನ್ನಡಕ ತೆಗೆದು ದಿಂಬಿನ ಪಕ್ಕ ಇಟ್ಟು ಗೋಡೆಗೆ ಮುಖ ಮಾಡಿದಳು.

ಬುಧವಾರ ನಾನು ನೊವೇನಾಕ್ಕೆ ಹೋಗುವ ಯೋಚನೆಯನ್ನೇ ಮಾಡಲಿಲ್ಲ. ಮಾತೆಯೊಡನೆ ಆಡಲು ಮಾತು ಉಳಿದಿರಲಿಲ್ಲ. ಗೋಡೆ ಗಡಿಯಾರ ನೋಡುತ್ತ ರೀನಾ, “ಈಗ ಯಾವ ಪ್ರಯೋಗ ಅಂತ ಚೀಟಿ ಎತ್ತಾಕತ್ತಿರ್ತಾರ” ಎಂದಳು. ನಾನು ಮೂಸಂಬಿ ಸುಲಿಯುತ್ತಲೇ ಇದ್ದೆ.

ಆಗ ಸುಮಾ ಮೇಡಂ ಫೋನ್.

“ನಿನ್ನೆ ನೀರ ಬರಲಿಲ್ಲರಿ. ಎಲ್ಲೋ ದೊಡ್ಡ ಪೈಪ್ ಒಡದೈತಂತ. ಇದ್ದ ನೀರಾಗ ನಾವು ನೆಲಾ ತೊಳದು ಕುಂತೇವಿ! ಟಾಕಿ ಖಾಲಿ, ಬ್ಯುರೆಟ್ ತೊಳ್ಯಾಕ ಸೈತ ನೀರಿಲ್ಲ. ಟ್ಯಾಂಕರ್‌ನವರು ಸಂಜೀ ಅಂತಾರ. ನಾಳೆ, ನಾಡಿದ್ದು ಪರೀಕ್ಷಕರಿಗೆ ಬ್ಯಾರೆ ಕಾಲೇಜ್ ಐತಿ. ವಿಶ್ವವಿದ್ಯಾಲಯಕ್ಕ ಕೇಳಿ ಶನಿವಾರಕ್ಕ ಇಟ್ಟೇವಿ. ರೀನಾ ಬರ್ತಾಳೇನ್ರಿ?”

“ಬರ್ತಾಳರಿ” ಎಂದುಬಿಟ್ಟೆ. ಡಾಕ್ಟರನ್ನು ಕೇಳಿಯೇ ಇರಲಿಲ್ಲ. ಫೋನಿಟ್ಟು, “ನೀರ ಬಂದಿಲ್ಲಂತ, ನೀರ ಬಂದಿಲ್ಲ!” ಎಂದು ಅಳುತ್ತ ನಕ್ಕೆ. ಜುಬೇದಾ ಖಾಲಾ ಕಣ್ಣರಳಿಸಿದರು. “ನೀರ ಬರಲಿಲ್ಲಂತ ಖುಷಿ ಪಡೂ ಹೆಂಗಸನ್ನ ಹುಬ್ಬಳ್ಯಾಗ ಇವತ್ತ ನೋಡಿದೆ ನೋಡವಾ!”

ಮರುದಿನ ಪ್ಲೇಟ್‌ಲೆಟ್ ಏರಿತು. ಶುಕ್ರವಾರ ಸಂಜೆ ಡಾಕ್ಟರು, ಪರೀಕ್ಷೆ ಮುಗಿದೊಡನೆ ಮತ್ತೆ ಬಂದು ತೋರಿಸಬೇಕೆಂದು ಹೇಳಿ, ಮನೆಗೆ ಕಳುಹಿಸಿದರು. ಶನಿವಾರ ಪ್ರಯೋಗಾಲಯದ ಹೊರಗಿನ ಬೆಂಚಿನಲ್ಲಿ ಅವಳ ಔಷಧದ ಚೀಲ ಹಿಡಿದು ಕೂತಿದ್ದೆ. ಒಳ ಹೋಗುವ ಮುನ್ನ ಒಬ್ಬ ಹುಡುಗಿ ಗೆಳತಿಗೆ, “ಇದರ ಸಲುವಾಗಿ ಎರಡೆರಡು ಸಲ ಬಸ್ ಹತ್ತಬೇಕಾತು” ಎಂದು ಗೊಣಗಿದಳು. ನನ್ನ ಮನಸ್ಸು ಚುರುಕ್ಕೆಂದಿತು. ಆ ಬ್ಯಾಚಿನ ಎಲ್ಲ ಮಕ್ಕಳಿಗಾಗಿ ಜಪಮಾಲೆ ಹೇಳಿದೆ, ಈ ಸಲ ಕೊನೆಯ ಮಣಿಯವರೆಗೂ. ಒಳಗಿನಿಂದ ನಳದ ನೀರು ಬೇಸಿನ್ನಿಗೆ ಬೀಳುವ ಸದ್ದು ಕೇಳುತ್ತಿತ್ತು.

ರೀನಾ ಪಾಸಾದಳು. ಎಲ್ಲ ಕ್ರೆಡಿಟ್ ತುಂಬಿ ಪದವಿ ಬಂತು. ಈಗ ಎಂ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲಿದ್ದಾಳೆ.

ಮದುವೆಯಾಗಿ ಬಂದಂದಿನಿಂದ ನೀರು ಬರಲೆಂದು ಬೇಡಿದವಳು ನಾನು. ಬಾರದ ನೀರಿನಲ್ಲಿ ಕೃಪೆ ಇದ್ದೀತೆಂದು ನನಗೆ ಹೊಳೆಯುತ್ತಲೇ ಇರಲಿಲ್ಲ. ನಾನು ಕೇಳಿದ್ದನ್ನು ಮಾತೆ ಕೊಡಲಿಲ್ಲ, ಮಗಳನ್ನು ಹಾಸಿಗೆಯಲ್ಲೇ ಉಳಿಸಿ ಪರೀಕ್ಷೆಯನ್ನೇ ಕಾಯಿಸಿದಳು. ದಣಿವು ಈಗಲೂ ಇದೆ. ಜಪಮಾಲೆಯ ನಡುವೆ ಈಗಲೂ ಕಣ್ಣು ಮುಚ್ಚುತ್ತದೆ. ಮೊದಲಿನಂತೆ ಬೆಚ್ಚಿ ಏಳುವುದಿಲ್ಲ. ಉಳಿದ ಮಣಿಗಳನ್ನು ಮಾತೆಯೇ ಎಣಿಸಿಕೊಳ್ಳುತ್ತಾಳೆ.